ಕರ್ವಾಲೊ ಬಂದರು, ಮಂದಣ್ಣ ಎಲ್ಲಿ?

ಶಿವನಿ ಸ್ಟೇಷನ್ನಿನಲ್ಲಿ ನಿಲ್ಲುವ ರೈಲುಗಳು ಕಡಿಮೆ, ಊರಿನಲ್ಲಿ ಸಿಗುವ ರೇಡಿಯೊ ಕೇಂದ್ರಗಳು ಹೆಚ್ಚು. ಅಜ್ಜಂಪುರಕ್ಕೂ ಹೊಸದುರ್ಗ ರೋಡಿಗೂ ನಡುವೆ, ಬೀರೂರು–ಚಿಕ್ಕಜಾಜೂರು ಹಳಿಯ ಮೇಲಿರುವ ಈ ಊರಿನ ಕಂದಾಯ ಚಿಕ್ಕಮಗಳೂರು ಜಿಲ್ಲೆಗೆ ಹೋಗುತ್ತದೆ. ಕಿವಿ ಮಾತ್ರ ಶಿವಮೊಗ್ಗ ಜಿಲ್ಲೆಯ ಭದ್ರಾವತಿಯ ಕಡೆಗಿದೆ. 1965ರಲ್ಲಿ ಶುರುವಾದ ಭದ್ರಾವತಿ ಆಕಾಶವಾಣಿ ಈ ಭಾಗದ ಹಳ್ಳಿಗಳನ್ನು ತಲುಪಿದ್ದು ಮಧ್ಯಮ ತರಂಗದ 675 ಕಿಲೋಹರ್ಟ್ಸ್‌ನಲ್ಲಿ. ಎಫ್‌ಎಂ ಬಂದದ್ದು ಆಮೇಲೆ. ಈಶಾನ್ಯಕ್ಕೆ ಚಿತ್ರದುರ್ಗದ ಎಫ್‌ಎಂ ಕೇಂದ್ರವೂ ಇದೆ. ಎರಡು ಜಿಲ್ಲೆಗಳ ಕೇಂದ್ರಗಳ ನಡುವೆ ಕೂತ ಊರಿಗೆ ಆಯ್ಕೆಗೇನೂ ಬರವಿಲ್ಲ.

675 ಕಿಲೋಹರ್ಟ್ಸ್ ಎಂದರೆ ಅಲೆಯ ಉದ್ದ 444 ಮೀಟರ್. ಹೆಚ್ಚು ಕಡಿಮೆ ಅರ್ಧ ಕಿಲೋಮೀಟರ್ ಉದ್ದದ ಅಲೆಗೆ ನಮ್ಮ ಅಡಿಕೆ ತೋಟ, ಗುಡ್ಡ, ದಿಬ್ಬ ಯಾವುದೂ ಅಡ್ಡಿಯಲ್ಲ. ನೆಲ ಹಿಡಿದುಕೊಂಡೇ ಬರುತ್ತದೆ. ಎಫ್‌ಎಂ ಅಲೆ ಮೂರು ಮೀಟರ್ ಆಸುಪಾಸಿನದು, ಅದಕ್ಕೆ ಟವರು ಹೆಚ್ಚುಕಡಿಮೆ ಕಣ್ಣಿಗೆ ಕಾಣುವಂತಿರಬೇಕು. ಹಳೆಯ ಟ್ರಾನ್ಸಿಸ್ಟರ್ ಸೆಟ್ಟಿನ ಒಳಗೆ ಬೆರಳುದ್ದದ ಕಪ್ಪು ಕಡ್ಡಿಯೊಂದಿರುತ್ತದೆ, ಮೈಗೆ ತಾಮ್ರದ ತಂತಿ ಸುತ್ತಿದ್ದು. ಮಧ್ಯಮ ತರಂಗಕ್ಕೆ ಅದೇ ಆಂಟೆನಾ. ಕಡ್ಡಿಯ ಪಕ್ಕೆ ಕೇಂದ್ರದ ಕಡೆಗಿದ್ದರೆ ಧ್ವನಿ ಚೊಕ್ಕ, ತುದಿ ಕೇಂದ್ರದ ಕಡೆಗಿದ್ದರೆ ಬರೀ ಗೊರಗೊರ. ನಮ್ಮ ಹಿರಿಯರು ಸೆಟ್ಟನ್ನು ಜಗುಲಿಯ ಮೇಲೆ ಅಷ್ಟಿಷ್ಟು ತಿರುಗಿಸಿ ತಿರುಗಿಸಿ, ಮುಖವನ್ನೋ ಬೆನ್ನನ್ನೋ ಭದ್ರಾವತಿಗೆ ಮಾಡಿ ಇಡುತ್ತಿದ್ದುದು ಸುಮ್ಮನೆ ಅಲ್ಲ, ಭೌತಶಾಸ್ತ್ರವೇ. ತೋಟದ ಮೋಟಾರಿನ ಸ್ಟಾರ್ಟರ್ ಒತ್ತಿದಾಗ ಚಟಪಟ, ಮುಂಗಾರಿನ ಮಿಂಚಿಗೆ ಕರಕರ, ಮಿಕ್ಸಿ ಓಡಿದರಂತೂ ದೇವರೇ ಗತಿ. ಕತ್ತಲಾದ ಮೇಲೆ ಇನ್ನೊಂದು ತಮಾಷೆ: ಹಗಲು ಈ ಅಲೆಗಳನ್ನು ನುಂಗುವ ವಾತಾವರಣದ ಮೇಲ್ಪದರವೊಂದು ಸೂರ್ಯನಿಲ್ಲದೆ ತೆಳುವಾಗಿ, ಅದಕ್ಕೂ ಮೇಲಿನ ಪದರ ಅಲೆಗಳನ್ನು ನೆಲಕ್ಕೆ ವಾಪಸು ಕಳಿಸುತ್ತದೆ. ಆಗ ಊರ ಪಕ್ಕದ ಕೇಂದ್ರದ ಜೊತೆಗೆ ದೂರದ ತಮಿಳು, ಸಿಂಹಳ, ಹಿಂದಿ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಜಗಳಕ್ಕೆ ಬೀಳುತ್ತವೆ.

ಇಷ್ಟೆಲ್ಲ ಸಾಹಸ ಮಾಡಿ ಕೇಳಿಸಿಕೊಳ್ಳುವುದು ಏನನ್ನು ಎಂಬುದು ಈ ವಾರದ ವಿಷಯ.

ವಾರದ ಐದಾರು ದಿನ ರೇಡಿಯೊಗೆ ಆತುರ. ವಾರ್ತೆ ಐದು ಹತ್ತು ನಿಮಿಷದಲ್ಲಿ ಮುಗಿಯಬೇಕು, ಚಿಂತನ ಅದಕ್ಕಿಂತ ಚಿಕ್ಕದು, ಪೇಟೆ ಧಾರಣೆ ಉಸಿರು ಬಿಡದೆ ಓದಬೇಕು, ನಡುವೆ ಚಿತ್ರಗೀತೆ. ಒಬ್ಬ ಮನುಷ್ಯನನ್ನು ಕೂರಿಸಿಕೊಂಡು ನಿಧಾನವಾಗಿ ಮಾತನಾಡಿಸಲು ಪುರುಸೊತ್ತು ಸಿಗುವುದು ವಾರದ ಕೊನೆಗೆ. ಸಂಸ್ಕೃತಿ, ವಿಜ್ಞಾನ, ಪ್ರಚಲಿತ ವಿದ್ಯಮಾನ ಮೂರನ್ನೂ ಒಂದೇ ಚಾವಡಿಗೆ ತರುವ ಸಂದರ್ಶನಗಳು ಲೋಕದ ತುಂಬ ಶನಿವಾರ ಭಾನುವಾರಗಳಲ್ಲೇ ಬೇರು ಬಿಟ್ಟಿವೆ. ಅಮೆರಿಕದ ಸಾರ್ವಜನಿಕ ರೇಡಿಯೊ ಸಂಸ್ಥೆ ಎನ್‌ಪಿಆರ್ 1985ರಲ್ಲಿ ಶನಿವಾರದ ‘ವೀಕೆಂಡ್ ಎಡಿಷನ್’ ಆರಂಭಿಸಿತು, ಭಾನುವಾರದ್ದು 1987ರಲ್ಲಿ ಬಂತು. ಎರಡೂ ಈಗಲೂ ನಡೆಯುತ್ತಿವೆ. ಬ್ರಿಟನ್ನಿನ ಬಿಬಿಸಿಯ ‘ಡೆಸರ್ಟ್ ಐಲೆಂಡ್ ಡಿಸ್ಕ್ಸ್’ 1942ರಷ್ಟು ಹಳೆಯದು. ಒಂಟಿ ದ್ವೀಪಕ್ಕೆ ಹೋಗುವುದಾದರೆ ಯಾವ ಎಂಟು ಹಾಡು ಒಯ್ಯುತ್ತೀರಿ ಎಂದು ಅತಿಥಿಯನ್ನು ಕೇಳುತ್ತಾರೆ, ಅಷ್ಟೆ. ಹಾಡಿನ ನೆಪದಲ್ಲಿ ವಿಜ್ಞಾನಿಯೂ ಮಂತ್ರಿಯೂ ತಮ್ಮ ತಾಯಿಯ ಬಗ್ಗೆ ಮಾತನಾಡತೊಡಗುತ್ತಾರೆ. ನೇರವಾಗಿ ಕೇಳಿದ್ದರೆ ಅರ್ಧದಷ್ಟೂ ಹೇಳುತ್ತಿರಲಿಲ್ಲ.

ಕನ್ನಡಕ್ಕೆ ಈ ವಿದ್ಯೆ ಹೊಸದಲ್ಲ. ನಮ್ಮಲ್ಲಿ ರೇಡಿಯೊ ಹುಟ್ಟಿದ್ದೇ ಮಾತನಾಡಿಸುವುದನ್ನು ವೃತ್ತಿ ಮಾಡಿಕೊಂಡವರ ಮನೆಯಲ್ಲಿ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆಯಿಂದ ಪ್ರಸಾರ ಶುರುಮಾಡಿದರು. ಸರ್ಕಾರದ ಅಪ್ಪಣೆಯಿಂದಲ್ಲ, ಸ್ವಂತ ಹುರುಪಿನಿಂದ, ಸ್ವಂತ ಖರ್ಚಿನಲ್ಲಿ. ಆ ಕೇಂದ್ರಕ್ಕಿಟ್ಟ ‘ಆಕಾಶವಾಣಿ’ ಎಂಬ ಹೆಸರು ಮುಂದೆ ದೇಶದ ರೇಡಿಯೊಗೇ ಬಂತು. 2023ರಲ್ಲಂತೂ ‘ಆಲ್ ಇಂಡಿಯಾ ರೇಡಿಯೊ’ ಎನ್ನುವುದನ್ನು ಬಿಟ್ಟು ಇದೊಂದನ್ನೇ ಬಳಸಿ ಎಂದು ಪ್ರಸಾರ ಭಾರತಿ ಸೂಚಿಸಿತು. 1950ರಲ್ಲಿ ಧಾರವಾಡ, 1955ರಲ್ಲಿ ಬೆಂಗಳೂರು, ಅದಾದ ಹತ್ತು ವರ್ಷಕ್ಕೆ ಭದ್ರಾವತಿ. ಒಂದು ಕಾಲಕ್ಕೆ ಕಬ್ಬಿಣ, ಕಾಗದ, ಧ್ವನಿ ಮೂರೂ ತಯಾರಾಗುತ್ತಿದ್ದ ಊರು ಅದು. ಕಾಗದದ ಕಾರ್ಖಾನೆ ನಿಂತು ವರ್ಷಗಳಾದವು, ಕಬ್ಬಿಣದ್ದು ಇಂದೋ ನಾಳೆಯೋ ಎನ್ನುತ್ತಲೇ ಉಸಿರಾಡುತ್ತಿದೆ. ಉಳಿದದ್ದು ಧ್ವನಿ.

ಆ ಧ್ವನಿಯ ಹಿಂದಿನ ಕೆಲಸ ಕೇಳುಗರಿಗೆ ಕಾಣುವುದಿಲ್ಲ. ಕಂಪ್ಯೂಟರ್ ಬರುವ ಮುನ್ನ ಸಂದರ್ಶನ ದಾಖಲಾಗುತ್ತಿದ್ದುದು ಕಾಲಿಂಚು ಅಗಲದ ಸ್ಪೂಲ್ ಟೇಪಿನ ಮೇಲೆ. ಟೇಪು ಸೆಕೆಂಡಿಗೆ ಏಳೂವರೆ ಇಂಚು ಓಡುತ್ತದೆ. ಅತಿಥಿ ಎರಡು ಸೆಕೆಂಡು ಕೆಮ್ಮಿದರೆ ಒಂದೂಕಾಲು ಅಡಿ ಟೇಪು. ಅದನ್ನು ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಎರಡು ತುದಿಯನ್ನು ಅಂಟುಪಟ್ಟಿಯಿಂದ ಕೂಡಿಸಬೇಕು. ಅರ್ಧ ಗಂಟೆಯ ಕಾರ್ಯಕ್ರಮವೆಂದರೆ 1,125 ಅಡಿ. ಒಂದು ಗಂಟೆ ಮಾತನಾಡಿಸಿ ಅರ್ಧಕ್ಕಿಳಿಸುವವರು ನಿಜಕ್ಕೂ ಅಷ್ಟೇ ಉದ್ದದ ಮಾತನ್ನು ನೆಲಕ್ಕೆ ಬೀಳಿಸುತ್ತಿದ್ದರು. ಯಾವ ಮಾತು ಬೀಳಬೇಕು, ಯಾವುದು ನಿಲ್ಲಬೇಕು ಎನ್ನುವ ತೀರ್ಮಾನದಲ್ಲೇ ಕಾರ್ಯಕ್ರಮ ನಿರ್ವಾಹಕರ ಕಸುಬು ಗೊತ್ತಾಗುತ್ತಿತ್ತು. ಉಸಿರನ್ನು ಕತ್ತರಿಸಬಾರದು, ಮೌನವನ್ನು ಪೂರ್ತಿ ತೆಗೆಯಬಾರದು. ಮೌನ ತೆಗೆದರೆ ಯೋಚಿಸಿ ಉತ್ತರಿಸಿದವರೂ ಬಾಯಿಪಾಠ ಒಪ್ಪಿಸಿದವರ ಹಾಗೆ ಕೇಳುತ್ತಾರೆ. ಟೇಪು ದುಬಾರಿಯಾದ್ದರಿಂದ ಪ್ರಸಾರವಾದ ಮೇಲೆ ಅಳಿಸಿ ಮತ್ತೆ ಬಳಸುವುದು ರೂಢಿಯಾಗಿತ್ತು. ನಮ್ಮ ಎಷ್ಟೋ ಕಲಾವಿದರ, ಕೃಷಿಕರ, ನಾಟಿ ವೈದ್ಯರ ಮಾತುಗಳ ಮೇಲೆ ಮುಂದಿನ ವಾರದ ಭಾಷಣ ಕೂತಿದೆ. ಇದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಈಗ ಪ್ರಶ್ನೆಗಳ ಮಾತು. ಟಿವಿ ಸಂದರ್ಶನದಲ್ಲಿ ಮುಖ ಅರ್ಧ ಕೆಲಸ ಮಾಡುತ್ತದೆ. ಅತಿಥಿ ಹುಬ್ಬು ಗಂಟಿಕ್ಕಿದರೆ ನಮಗೆ ಗೊತ್ತಾಗುತ್ತದೆ, ಕೈ ತೋರಿಸಿ “ಇಷ್ಟು ದೊಡ್ಡದು” ಅಂದರೆ ಅಳತೆ ಸಿಗುತ್ತದೆ. ರೇಡಿಯೊದಲ್ಲಿ ಆ ಇಷ್ಟು ಎಷ್ಟು ಎಂದು ಕೇಳಬೇಕಾದವರು ಸಂದರ್ಶಕರೇ. ಅವರು ಕೂತಿರುವುದು ಅತಿಥಿಯ ಎದುರಾದರೂ ಕೆಲಸ ಮಾಡುತ್ತಿರುವುದು ಶಿವನಿಯಲ್ಲಿ ಮೇವು ಕತ್ತರಿಸುತ್ತಾ ಕೇಳುತ್ತಿರುವವರ ಪರವಾಗಿ. ಒಳ್ಳೆಯ ಸಂದರ್ಶಕರು ತಮಗೆ ಗೊತ್ತಿದ್ದನ್ನೂ ಗೊತ್ತಿಲ್ಲದವರ ಹಾಗೆ ಕೇಳುತ್ತಾರೆ. ಕೆಟ್ಟವರು ತಮಗೆ ಗೊತ್ತಿದೆ ಎಂದು ತೋರಿಸಿಕೊಳ್ಳಲು ಕೇಳುತ್ತಾರೆ. ಅಂಥವರ ಪ್ರಶ್ನೆ ಉತ್ತರಕ್ಕಿಂತ ಉದ್ದ.

ನಮ್ಮ ಸಂದರ್ಶನಗಳಿಗೆ ಅಂಟಿದ ಮೂರು ಜಾಡ್ಯಗಳನ್ನು ಕೇಳುಗರೆಲ್ಲ ಬಲ್ಲರು. ಮೊದಲನೆಯದು “ತಮ್ಮ ಬಾಲ್ಯ, ವಿದ್ಯಾಭ್ಯಾಸದ ಬಗ್ಗೆ ಸ್ವಲ್ಪ ತಿಳಿಸಿ”. ನಡುವಿನದು “ತುಂಬಾ ಸೊಗಸಾಗಿ ತಿಳಿಸಿಕೊಟ್ಟಿರಿ”. ಕೊನೆಯದು “ನಮ್ಮ ಕೇಳುಗರಿಗೆ ತಮ್ಮ ಕಿವಿಮಾತೇನು?” ಈ ಮೂರನ್ನು ತೆಗೆದರೆ ಕೆಲವು ಕಾರ್ಯಕ್ರಮಗಳಲ್ಲಿ ಶೀರ್ಷಿಕೆ ಸಂಗೀತ ಮಾತ್ರ ಉಳಿಯುತ್ತದೆ ಎಂದರೆ ಬೇಸರ ಪಡಬೇಡಿ.

ಈ ಭಾಗದ್ದೇ ಉದಾಹರಣೆ ತೆಗೆದುಕೊಳ್ಳೋಣ. ಕಡೂರು ಕಡೆಯ ತೆಂಗಿಗೆ ಕಪ್ಪುತಲೆ ಹುಳು ಹೊಸದಲ್ಲ. ಗರಿಯ ಹಸಿರು ಕೆರೆದು ತಿಂದು, ದೂರದಿಂದ ನೋಡಿದರೆ ತೋಟಕ್ಕೆ ಬೆಂಕಿ ಬಿದ್ದಂತೆ ಕಾಣಿಸುತ್ತದೆ. ಅದಕ್ಕೆ ಮದ್ದು ಎಂದರೆ ಗೋನಿಯೋಜಸ್ ಎಂಬ, ಇರುವೆಯಷ್ಟಿರುವ ಕಣಜ. ಅದು ಹುಳುವನ್ನು ಕುಟುಕಿ ನಿಶ್ಚಲಗೊಳಿಸಿ ಅದರ ಮೈಮೇಲೆ ಮೊಟ್ಟೆಯಿಡುತ್ತದೆ, ಮರಿಗಳು ಹುಳುವನ್ನೇ ಉಂಡು ಬೆಳೆಯುತ್ತವೆ. ತೋಟಗಾರಿಕೆ ಇಲಾಖೆಯ ಪ್ರಯೋಗಾಲಯಗಳಲ್ಲಿ ಈ ಕಣಜವನ್ನು ಸಾಕಿ ಕೊಡುತ್ತಾರೆ. ವಿಜ್ಞಾನಿ ಮೈಕಿನ ಮುಂದೆ ಬಂದು “ಪರೋಪಜೀವಿ ಕೀಟಗಳ ಬಿಡುಗಡೆಯಿಂದ ಜೈವಿಕ ನಿಯಂತ್ರಣ ಸಾಧ್ಯ” ಎನ್ನುತ್ತಾರೆ. ಮಾತು ಪೂರ್ತಿ ಸರಿ, ಆದರೆ ತೋಟದವನಿಗೆ ಅದರಿಂದ ಏನೂ ದಕ್ಕಲಿಲ್ಲ. ಅವನ ಕಡೆಯಿಂದ ಕೇಳಬೇಕಾದ್ದು ಬೇರೆ: ಒಂದು ಮರಕ್ಕೆ ಎಷ್ಟು ಬಿಡಬೇಕು, ಸುಳಿಗೆ ಬಿಡಬೇಕೋ ಬುಡಕ್ಕೋ, ಔಷಧಿ ಹೊಡೆದ ತೋಟದಲ್ಲಿ ಈ ಕಣಜ ಬದುಕುತ್ತಾ, ಪಕ್ಕದ ತೋಟದವನು ಬಿಡದಿದ್ದರೆ ನಾನು ಬಿಟ್ಟು ಏನು ಪ್ರಯೋಜನ? ಕೊನೆಯ ಪ್ರಶ್ನೆಯಲ್ಲಿ ಕೀಟಶಾಸ್ತ್ರವೂ ಇದೆ, ಊರಿನ ರಾಜಕೀಯವೂ ಇದೆ. ಸಂಸ್ಕೃತಿ ಬೇರೆ, ವಿಜ್ಞಾನ ಬೇರೆ, ಪ್ರಚಲಿತ ಬೇರೆ ಎಂದು ಖಾನೆ ಮಾಡುವುದು ಕಾರ್ಯಕ್ರಮ ಪಟ್ಟಿ ಬರೆಯುವವರ ಅನುಕೂಲಕ್ಕೆ. ತೋಟದಲ್ಲಿ ಮೂರೂ ಒಟ್ಟಿಗೇ ಇರುತ್ತವೆ.

ವಿಜ್ಞಾನದ ಮಟ್ಟಿಗೆ ಆಕಾಶವಾಣಿ ಕೈಕಟ್ಟಿ ಕೂತಿಲ್ಲ ಎನ್ನುವುದನ್ನು ಒಪ್ಪಬೇಕು. 1991ರಲ್ಲಿ ಮಾನವನ ವಿಕಾಸದ ಕುರಿತು ನೂರಕ್ಕೂ ಹೆಚ್ಚು ಕಂತುಗಳ ಸರಣಿ ಕನ್ನಡವೂ ಸೇರಿ 18 ಭಾಷೆಗಳಲ್ಲಿ ದೇಶದಾದ್ಯಂತ ಪ್ರಸಾರವಾಯಿತು. ವಾರಕ್ಕೊಂದು ಕಂತು, ಎರಡು ವರ್ಷಕ್ಕೂ ಮೀರಿ. ಶಾಲೆಗಳೂ ಮಕ್ಕಳೂ ಹೆಸರು ನೋಂದಾಯಿಸಿ ಕೇಳಿದರು. ಮಂಗನಿಂದ ಮಾನವ ಎಂಬ ಒಂದು ಸಾಲಿನ ಪಾಠವನ್ನು ಇಷ್ಟು ವಿಸ್ತಾರವಾಗಿ, ಇಷ್ಟು ಭಾಷೆಗಳಲ್ಲಿ ಹೇಳುವ ಧೈರ್ಯ ಇಂದಿನ ಯಾವ ವಾಹಿನಿಗೂ ಇದ್ದಂತೆ ಕಾಣುವುದಿಲ್ಲ.

ಆದರೂ ನನ್ನ ತಕರಾರು ಒಂದಿದೆ. ನಮ್ಮ ಜಿಲ್ಲೆಯವರಿಗೆ ಅದನ್ನು ವಿವರಿಸಲು ಸುಲಭದ ದಾರಿ ತೇಜಸ್ವಿಯವರ ‘ಕರ್ವಾಲೊ’. 1980ರಲ್ಲಿ ಬಂದ, ಮೂಡಿಗೆರೆ ಸೀಮೆಯ ಆ ಕಾದಂಬರಿಯಲ್ಲಿ ಕರ್ವಾಲೊ ದೊಡ್ಡ ವಿಜ್ಞಾನಿ, ಕಥೆ ಹೇಳುವವನು ಕೃಷಿಕ. ಇಬ್ಬರ ನಡುವೆ ಜೇನು ಹಿಡಿಯುವ ಮಂದಣ್ಣ. ಹಾರುವ ಓತಿಯನ್ನು ಕಂಡಿದ್ದವನು ಮಂದಣ್ಣ. ಅವನ ಕಣ್ಣಿಲ್ಲದಿದ್ದರೆ ಕರ್ವಾಲೊರ ಶಾಸ್ತ್ರಕ್ಕೆ ಆ ಕಾಡಿನಲ್ಲಿ ಕಾಲೂರಲು ಜಾಗವಿರಲಿಲ್ಲ. ಕೃಷಿಕನ ಕೆಲಸ ಇಬ್ಬರನ್ನೂ ಕೇಳುತ್ತಾ ಹೋಗುವುದು. ಸಂದರ್ಶಕರ ಕೆಲಸವೂ ಅದೇ. ನಮ್ಮ ರೇಡಿಯೊ ಕರ್ವಾಲೊರನ್ನು ಮರ್ಯಾದೆಯಿಂದ ಕರೆದು ಕೂರಿಸುತ್ತದೆ. ಮಂದಣ್ಣನನ್ನು ಕರೆಯಲು ಮರೆಯುತ್ತದೆ. ಕರೆದರೂ ಅವನಿಗೆ ಬೇರೆ ಕೋಣೆ: ಜಾನಪದ ಕಾರ್ಯಕ್ರಮ. ಪದ ಹೇಳಿಸುತ್ತಾರೆ, ವೀರಗಾಸೆಯ ಒಡಪು ಹೇಳಿಸುತ್ತಾರೆ, ಶಾಸ್ತ್ರ ಕೇಳುವುದಿಲ್ಲ.

ಅಜ್ಜಂಪುರದ ಅಮೃತ್ ಮಹಲ್ ತಳಿ ಕೇಂದ್ರವನ್ನೇ ನೋಡಿ. ಮೈಸೂರು ಅರಸರ ಕಾಲದಿಂದ ಬಂದ, ಹೈದರ್, ಟಿಪ್ಪು ಕಾಲದಲ್ಲಿ ದಂಡಿನ ಫಿರಂಗಿ ಎಳೆದ ದನಗಳ ಸಂತತಿ ಅದು. ಅದರ ಬಗ್ಗೆ ಸಂದರ್ಶನ ಬಂದಾಗಲೆಲ್ಲ ಮಾತನಾಡುವವರು ಪಶುವೈದ್ಯಾಧಿಕಾರಿ. ಅವರು ಮಾತನಾಡಲಿ, ಬೇಡವೆನ್ನುವುದಿಲ್ಲ. ಆದರೆ ಕಾವಲಿನಲ್ಲಿ ದಿನವಿಡೀ ಮಂದೆಯ ಹಿಂದೆ ನಡೆಯುವವನಿಗೆ ಯಾವ ಹಸು ಹತ್ತಿರ ಬಿಟ್ಟುಕೊಳ್ಳುತ್ತದೆ, ಯಾವುದು ಹಾಯುತ್ತದೆ, ಮಳೆ ತಡವಾದರೆ ಮಂದೆ ಯಾವ ಹುಲ್ಲಿಗೆ ಬಾಯಿ ಹಾಕುತ್ತದೆ ಎಂಬುದೆಲ್ಲ ಗೊತ್ತು. ಇದು ಜಾನಪದವಲ್ಲ, ಪ್ರಾಣಿ ನಡವಳಿಕೆಯ ಶಾಸ್ತ್ರ. ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಿ, ಒಬ್ಬರ ಉತ್ತರವನ್ನು ಇನ್ನೊಬ್ಬರಿಗೆ ಪ್ರಶ್ನೆಯಾಗಿ ಕೊಟ್ಟರೆ ಭಾನುವಾರದ ಅರ್ಧ ಗಂಟೆ ಸಾಲುವುದಿಲ್ಲ.

ಪ್ರಚಲಿತ ವಿದ್ಯಮಾನದಲ್ಲಿ ಮಾತ್ರ ಆಕಾಶವಾಣಿ ಸೋತಿದೆ ಎಂದೇ ನನ್ನ ತೀರ್ಮಾನ. ಕಾರಣ ಸಂದರ್ಶಕರಲ್ಲಷ್ಟೇ ಇಲ್ಲ. ರಾಜಕೀಯ ಪಕ್ಷವನ್ನು ಹೆಸರಿಸಿ ದಾಳಿ ಮಾಡಬಾರದು, ಕೇಂದ್ರ ಅಥವಾ ರಾಜ್ಯ ಸರ್ಕಾರದ ವಿರುದ್ಧ ಹಗೆತನದ ಟೀಕೆ ಕೂಡದು ಎನ್ನುವ ಪ್ರಸಾರ ಸಂಹಿತೆ ತಲೆಯ ಮೇಲಿದೆ. ಆಕಾಶದ ಅಲೆಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತು. 1990ರ ಪ್ರಸಾರ ಭಾರತಿ ಕಾಯ್ದೆ 1997ರಲ್ಲಿ ಜಾರಿಗೂ ಬಂತು. ಹೆಸರಿಗೆ ಸ್ವಾಯತ್ತತೆ, ನಡೆಯುವುದು ಹಳೆಯ ಎಚ್ಚರಿಕೆ. ಖಾಸಗಿ ಎಫ್‌ಎಂಗಳಿಗೆ ಸ್ವಂತ ಸುದ್ದಿ ಹೇಳುವ ಹಕ್ಕೇ ಇಲ್ಲ. ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಮರುಪ್ರಸಾರ ಮಾಡಬಹುದು, ಅಷ್ಟೆ. ಸಮುದಾಯ ಬಾನುಲಿಗಳ ಪಾಡೂ ಅದೇ. ಹೀಗಾಗಿ ರೇಡಿಯೊದಲ್ಲಿ ಪ್ರಚಲಿತ ವಿಷಯ ಎಂದರೆ ಅಧಿಕಾರಿಯೊಬ್ಬರು ಯೋಜನೆಯ ಹೆಸರು, ಅರ್ಜಿ ಸಲ್ಲಿಸುವ ಕೊನೆಯ ದಿನಾಂಕ ಹೇಳುವುದು ಎಂದಾಗಿಬಿಟ್ಟಿದೆ.

ಹಗೆತನದ ಟೀಕೆ ಬೇಡ, ಸರಿ. ಕೇಳುವುದು ಟೀಕೆಯಲ್ಲವಲ್ಲ. ಭದ್ರಾ ಮೇಲ್ದಂಡೆ ಯೋಜನೆ ನಮ್ಮ ಮನೆ ಬಾಗಿಲಲ್ಲೇ ಹಾದು ಹೋಗುತ್ತಿದೆ. ತುಂಗೆಯಿಂದ 17.4 ಟಿಎಂಸಿ ಅಡಿ ನೀರನ್ನು ಭದ್ರೆಗೆ ಎತ್ತಿ, ಭದ್ರೆಯ ಪಾಲೂ ಸೇರಿಸಿ ಒಟ್ಟು 29.9 ಟಿಎಂಸಿ ಅಡಿಯನ್ನು ಅಜ್ಜಂಪುರದ ಬಳಿಯ ಸುಮಾರು ಏಳು ಕಿಲೋಮೀಟರ್ ಸುರಂಗದ ಮೂಲಕ ಚಿತ್ರದುರ್ಗ, ತುಮಕೂರು ಕಡೆಗೆ ಒಯ್ಯುವ ಲೆಕ್ಕ. 2023ರ ಕೇಂದ್ರ ಬಜೆಟ್ 5,300 ಕೋಟಿ ರೂಪಾಯಿ ನೆರವು ಘೋಷಿಸಿತು. ಆ ಹಣ ಎಲ್ಲಿ ಎನ್ನುವುದು ಬೆಂಗಳೂರಿಗೂ ದೆಹಲಿಗೂ ಆಮೇಲೆ ನಡೆದ ಜಗಳ. 1933ರ ನಂತರ ಕೋಡಿ ಬೀಳದಿದ್ದ ಮಾರಿಕಣಿವೆ ಜಲಾಶಯ 2022ರಲ್ಲಿ ಕೋಡಿ ಬಿತ್ತು. ಅದರಲ್ಲಿ ಮಳೆಯ ಪಾಲೆಷ್ಟು, ಭದ್ರೆಯ ಪಾಲೆಷ್ಟು? ಸುರಂಗ ಕೊರೆದ ಕಡೆ ಬೋರ್‌ವೆಲ್‌ಗಳ ಗತಿ ಏನು? ಕಾಲುವೆಯ ಪಕ್ಕದ ಊರಿಗೇ ಕೆರೆಗೆ ನೀರು ಯಾವಾಗ? ಹನಿ ನೀರಾವರಿ ಎಂದಿದ್ದಾರೆ, ಪೈಪು ಹೊಲದವರೆಗೆ ತರುವವರು ಯಾರು, ಕಟ್ಟಿಕೊಂಡರೆ ರಿಪೇರಿ ಯಾರದು? ಇವುಗಳಲ್ಲಿ ಒಂದರಲ್ಲೂ ಹಗೆತನವಿಲ್ಲ, ಪಕ್ಷದ ಹೆಸರೂ ಇಲ್ಲ. ಒಬ್ಬ ಎಂಜಿನಿಯರು, ಒಬ್ಬ ಭೂವಿಜ್ಞಾನಿ, ಕಾಲುವೆಗೆ ಜಮೀನು ಕೊಟ್ಟ ಒಬ್ಬ ರೈತ, ಈ ಮೂವರ ಮುಂದೆ ತಯಾರಿ ಮಾಡಿಕೊಂಡು ಬಂದ ಒಬ್ಬ ಸಂದರ್ಶಕ ಸಾಕು.

ಇದಕ್ಕೆ ಮೇಲ್ಪಂಕ್ತಿ ಬೇಕೆಂದರೆ 1956ರ ಪುಣೆ ಪ್ರಯೋಗವಿದೆ. ಯುನೆಸ್ಕೊ ನೆರವಿನಲ್ಲಿ ಪುಣೆ ಸುತ್ತಲಿನ ಐದು ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ಗ್ರಾಮೀಣ ರೇಡಿಯೊ ಕೂಟಗಳನ್ನು ಕಟ್ಟಿದರು. ವಾರಕ್ಕೆ ಎರಡು ಬಾರಿ ಇಪ್ಪತ್ತು ಜನದಷ್ಟು ಒಂದು ಗುಂಪು ಕೂತು ಪ್ರಸಾರ ಕೇಳುವುದು, ಕೇಳಿದ್ದರ ಮೇಲೆ ಚರ್ಚಿಸುವುದು, ಉಳಿದ ಪ್ರಶ್ನೆಗಳನ್ನು ಕೇಂದ್ರಕ್ಕೆ ಬರೆದು ಕಳಿಸುವುದು. ಮುಂದಿನ ಪ್ರಸಾರದಲ್ಲಿ ಅವಕ್ಕೆ ಉತ್ತರ. ಅಕ್ಷರ ಬಾರದವರೂ ಪ್ರಶ್ನೆ ಕೇಳಿದರು. 1959ರಿಂದ ಅದನ್ನು ದೇಶಕ್ಕೆ ಹರಡಿದರು, ಬರಬರುತ್ತಾ ಉತ್ಸಾಹ ಇಳಿಯಿತು, ಸೆಟ್ಟುಗಳು ಪಂಚಾಯಿತಿ ಬೀರುವಿನಲ್ಲಿ ಧೂಳು ತಿಂದವು. ಆದರೆ ಯೋಚನೆಯಲ್ಲಿ ತಪ್ಪಿರಲಿಲ್ಲ. ಸಂದರ್ಶಕರಿಗೆ ಪ್ರಶ್ನೆ ಸಿಗಬೇಕಾದ್ದು ಹಳ್ಳಿಯ ಜಗುಲಿಯಿಂದ.

ಈಗ ಅದು ಆಗಿನದಕ್ಕಿಂತ ಸುಲಭ. ಆಕಾಶವಾಣಿಯ ಮೊಬೈಲ್ ಆ್ಯಪಿನಲ್ಲಿ ಭದ್ರಾವತಿ ಕೇಂದ್ರ ಬೆಂಗಳೂರಿನಲ್ಲೂ ಕೇಳುತ್ತದೆ, ದುಬೈಯಲ್ಲೂ ಕೇಳುತ್ತದೆ. ಆಸ್ಟ್ರೇಲಿಯಾದ ಸಾರ್ವಜನಿಕ ಪ್ರಸಾರ ಸಂಸ್ಥೆ ಎಸ್‌ಬಿಎಸ್ ಅಲ್ಲಿನ ಕನ್ನಡಿಗರಿಗಾಗಿ ಕನ್ನಡದಲ್ಲಿ ಸಂದರ್ಶನಗಳನ್ನು ಮಾಡಿ, ಯಾವಾಗ ಬೇಕಾದರೂ ಕೇಳುವಂತೆ ಇಡುತ್ತದೆ. ನಮ್ಮ ಕೇಂದ್ರಗಳೂ ಪ್ರಸಾರವಾದ ಪ್ರತಿ ಸಂದರ್ಶನವನ್ನು ಹಾಗೆ ಉಳಿಸಿ ಇಡಬೇಕು. ಟೇಪು ಅಳಿಸುತ್ತಿದ್ದ ಕಾಲದ ನೆಪ ಇಂದಿಗೆ ಸಲ್ಲದು.

ಉಳಿದದ್ದು ಕೇಳುಗರ ಪಾಲು. “ಕಾರ್ಯಕ್ರಮ ಚೆನ್ನಾಗಿತ್ತು, ಇಂಥ ಹಾಡು ಹಾಕಿ” ಎಂಬ ಕಾರ್ಡುಗಳನ್ನು ಬಹಳ ಬರೆದಾಯಿತು. ಈ ಬಾರಿ ಒಂದು ಪ್ರಶ್ನೆ ಬರೆಯಿರಿ: ಸುರಂಗದ ಬಗ್ಗೆಯೋ, ಅಡಿಕೆಯ ಎಲೆಚುಕ್ಕೆ ರೋಗದ ಬಗ್ಗೆಯೋ, ಶಿವನಿಯಲ್ಲಿ ರೈಲು ನಿಲ್ಲದಿರುವ ಬಗ್ಗೆಯೋ. ಅದಕ್ಕೆ ಉತ್ತರ ಬಲ್ಲ ನಿಮ್ಮೂರಿನವರ ಹೆಸರನ್ನೂ ಅವರನ್ನು ಕೇಳಿ ಸೇರಿಸಿ. ಅಧಿಕಾರಿಗಳ ಹೆಸರು ಕೇಂದ್ರದವರ ಹತ್ತಿರ ಈಗಾಗಲೇ ಇರುತ್ತದೆ. ವಿಳಾಸ ಉದ್ದವಿಲ್ಲ: ಕೇಂದ್ರದ ಮುಖ್ಯಸ್ಥರು, ಆಕಾಶವಾಣಿ, ಭದ್ರಾವತಿ.